ಕೋಳಿಮರಿಗೆ ಕನ್ನಡಕ ಹಾಕಿದ ಓಯ್ಗೆನ್ ಹೆಗೆಲೆ

ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ. ಯಾರ ವಾರವೋ ಅವರ ಬಾಗಿಲ ಹಿಡಿಕೆಗೆ ಒಂದು ಮರದ ಹಲಗೆ ನೇತಾಡುತ್ತದೆ. ಶನಿವಾರ ಸಂಜೆಯೊಳಗೆ ಮೆಟ್ಟಿಲು, ಕೈಕಂಬಿ, ಬಾಗಿಲ ಮುಂದಿನ ಕಾಲುದಾರಿ, ಕಸದ ಡಬ್ಬದ ಆಸುಪಾಸು ಎಲ್ಲ ಥಳಥಳ ಎನ್ನಬೇಕು. ಆಮೇಲೆ ಹಲಗೆಯನ್ನು ಪಕ್ಕದ ಬಾಗಿಲಿಗೆ ತೂಗುಹಾಕಿ ಪಾಪ ಕಳೆದುಕೊಳ್ಳಬೇಕು. ನೆಕ್ಕರ್ ನದಿಯ ದಂಡೆಯ ಈ ಶ್ವಾಬಿಯಾ ಸೀಮೆಯಲ್ಲಿ ನೀವು ದೇವರನ್ನು ನಂಬುತ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆದರೆ ಹಲಗೆ ನೇತಾಡುವಾಗ ಪೊರಕೆ ಹಿಡಿಯದವನಿಗೆ ನರಕ ಸಾಯುವ ಮೊದಲೇ ಶುರುವಾಗುತ್ತದೆ.

ಈ ಧರ್ಮಕ್ಕೆ ನಮ್ಮಲ್ಲಿ ಒಬ್ಬ ಪೀಠಾಧಿಪತಿ ಇದ್ದರು. ನೆಲಮಹಡಿಯ ಓಯ್ಗೆನ್ ಹೆಗೆಲೆಯವರು. ಗಿಡ್ಡ ಆಳು, ದುಂಡು ಹೊಟ್ಟೆ, ಬಾಚಿ ಕೂರಿಸಿದ ಮೀಸೆ, ಸದಾ ಇಸ್ತ್ರಿ ಮಾಡಿದ ನೀಲಿ ಏಪ್ರನ್. ಬೇರೆಯವರ ವಾರ ಮುಗಿದ ಭಾನುವಾರ ಬೆಳಿಗ್ಗೆ ಅವರಿಗೆ ಏಕೋ ಏನೋ ಮೆಟ್ಟಿಲ ಮೇಲೇ ಗಾಳಿ ಸೇವಿಸಬೇಕು ಅನ್ನಿಸುತ್ತಿತ್ತು. ಕೈಕಂಬಿಯ ಮೇಲೆ ಒಂದು ಬೆರಳು ಎಳೆಯುವರು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿಯುವರು. ಬಯ್ಯುತ್ತಿರಲಿಲ್ಲ. "ಹ್ಞೂಂ" ಎನ್ನುವರು, ಅಷ್ಟೆ. ಮೂರನೇ ಮಹಡಿಯಲ್ಲಿ ಬಾಗಿಲ ಹಿಂದೆ ನಿಂತು ಆ "ಹ್ಞೂಂ" ಕೇಳಿಸಿಕೊಂಡು ನಾನು ಬೆಳಗಿನ ಕಾಫಿ ಬಿಟ್ಟು ಮತ್ತೆ ಪೊರಕೆ ಹಿಡಿದ ದಿನಗಳಿವೆ.

ಆ ಬೆರಳಿಗೆ ಹೆದರದ ಒಂದೇ ಜೀವ ಮೊದಲನೇ ಮಹಡಿಯ ರೋಸ್ಲೆ ಕುಟ್ಲರ್. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಂಡಿ ಸರಿಯಿರಲಿಲ್ಲ, ನಾಲಿಗೆ ಬಹಳ ಸರಿಯಿತ್ತು. ಇಲ್ಲಿಯ ರೀತಿಯಂತೆ 'ಹೆರ್', 'ಫ್ರಾವ್' ಎಂದು ಮರ್ಯಾದೆಯಿಂದಲೇ ಇಬ್ಬರೂ ಚುಚ್ಚಿಕೊಳ್ಳುತ್ತಿದ್ದರು.

"ಫ್ರಾವ್ ಕುಟ್ಲರ್, ಈ ಮೂಲೆ ನಿಮ್ಮ ವಾರದಲ್ಲಿ ರಜೆ ಮೇಲೆ ಹೋಗಿತ್ತಾ?"

"ನಿಮಗೇಂತ್ಲೇ ಬಿಟ್ಟಿದ್ದೀನಿ ಹೆರ್ ಹೆಗೆಲೆ. ಪೂರ್ತಿ ಗುಡಿಸಿಬಿಟ್ರೆ ಭಾನುವಾರ ನೀವೇನ್ ಮಾಡ್ತೀರಿ, ಪಾಪ?"

ಹೆಗೆಲೆಯವರ ಉದ್ಯೋಗ ಊರ ಮೇಲಿನ ಗುಡ್ಡದಲ್ಲಿದ್ದ ಕಣ್ಣಿನ ಸಂಶೋಧನಾಲಯದಲ್ಲಿ. ಅಲ್ಲಿ ಕೋಳಿಮರಿಗಳನ್ನು ಸಾಕುತ್ತಿದ್ದರು. ಮರಿಗಳಿಗೆ ಕಾಳು, ನೀರು ಇಡುವುದು, ಗೂಡು ತೊಳೆಯುವುದು, ಮರಿಗಳ ಕನ್ನಡಕ ಒರೆಸುವುದು ಹೆಗೆಲೆಯವರ ಕೆಲಸ. ಆದರೆ ಶುಕ್ರವಾರ ಸಂಜೆ ಹೆಂಡದಂಗಡಿಯ ಕಾಯಂ ಮೇಜಿನಲ್ಲಿ ಕೂತಾಗ ಅವರು ಅದನ್ನು ಹೀಗೆ ಹೇಳುತ್ತಿರಲಿಲ್ಲ. "ನಾವೀಗ ಕಣ್ಣಿನ ಬೆಳವಣಿಗೆ ಮೇಲೆ ಕೆಲಸ ಮಾಡ್ತಾ ಇದ್ದೀವಿ" ಎನ್ನುತ್ತಿದ್ದರು. ಆ "ನಾವು" ಎಂಬುದರಲ್ಲಿ ಸಂಶೋಧನಾಲಯದ ಡಾಕ್ಟರ್ ಬ್ರೆಂಡ್ಲೆ ಮೇಡಂ ಕೂಡ ಇದ್ದರು. ಆದರೆ ಹೆಗೆಲೆಯವರ ದನಿ ಕೇಳಿದರೆ ಆ ಮೇಡಂ ಇವರ ಚೀಲ ಹೊರಲು ಬರುತ್ತಾರೇನೋ ಅನ್ನಿಸುತ್ತಿತ್ತು.

"ಅಲ್ಲಪ್ಪ ಓಯ್ಗೆನ್, ಕೋಳಿಗ್ಯಾಕೆ ಕನ್ನಡಕ? ಪೇಪರ್ ಓದ್ತಾವಾ?" ಎಂದು ಒಮ್ಮೆ ರೈನ್‌ಹೋಲ್ಡ್ ಕೇಳಿದ. ಊರಾಚೆಯ ಕೈತೋಟಗಳ ಸಂಘಕ್ಕೆ ಅವನು ಅಧ್ಯಕ್ಷ. ವರ್ಷಕ್ಕೊಮ್ಮೆ ನಡೆಯುವ ಸಭೆಗೆಂದೇ ಒಂದು ಗಂಟೆ ಕೊಂಡುಕೊಂಡಿದ್ದವನು.

ಹೆಗೆಲೆಯವರು ಮೀಸೆಯ ನೊರೆ ಒರೆಸಿಕೊಂಡರು. "ಸರಿಯಾಗಿ ಕೇಳು, ಎರಡನೇ ಸಲ ಹೇಳಲ್ಲ. ಕಣ್ಣಿನ ಹಿಂದಿನ ಗೋಡೇಲಿ ಒಂದು ಪರದೆ ಇದೆ. ಚಿತ್ರ ಕರೆಕ್ಟಾಗಿ ಅದರ ಮೇಲೇ ಬೀಳ್ಬೇಕು. ಮರಿ ಕಣ್ಣು ಇನ್ನೂ ಬೆಳೀತಾ ಇರುತ್ತಲ್ಲ, ಅದು ಚಿತ್ರ ಎಲ್ಲಿ ಬೀಳ್ತಿದೆ ಅಂತ ನೋಡ್ಕೊಂಡು ತನ್ನ ಉದ್ದಾನ ತಾನೇ ಸರಿ ಮಾಡ್ಕೊಳ್ಳುತ್ತೆ. ನಾವೇನ್ ಮಾಡ್ತೀವಿ, ಮೈನಸ್ ಗಾಜು ಹಾಕಿ ಚಿತ್ರಾನ ಪರದೆ ಹಿಂದಕ್ಕೆ ತಳ್ಳಿಬಿಡ್ತೀವಿ. ಬಸ್ಸು ಸ್ಟಾಪ್ ದಾಟಿ ಮುಂದೆ ಹೋಗಿ ನಿಂತ ಹಾಗೆ. ಆಗ ನೀನೇನ್ ಮಾಡ್ತೀಯ?"

"ಬೈತೀನಿ."

"ಓಡ್ತೀಯ. ಪರದೇನೂ ಓಡುತ್ತೆ. ಕಣ್ಣು ಹಿಂದಕ್ಕೆ ಉದ್ದ ಆಗುತ್ತೆ. ಆಮೇಲೆ ಕನ್ನಡಕ ತೆಗೆದ್ವಿ ಅನ್ನು. ಬಸ್ಸು ಹಳೇ ಸ್ಟಾಪಲ್ಲೇ ನಿಲ್ಲುತ್ತೆ, ಪರದೆ ಅಲ್ಲೆಲ್ಲೋ ಮುಂದೆ ಓಡಿಹೋಗಿ ನಿಂತಿರುತ್ತೆ. ಮರಿಗೆ ದೂರದ್ದೆಲ್ಲ ಬರೀ ಮಂಜು. ಕೊಕ್ಕಿನ ಬುಡದಲ್ಲಿರೋ ಕಾಳು ಮಾತ್ರ ಚೆನ್ನಾಗಿ ಕಾಣುತ್ತೆ. ಅದೇ ಸಮೀಪದೃಷ್ಟಿ."

"ಪ್ಲಸ್ ಗಾಜು ಹಾಕಿದ್ರೆ?"

"ಚಿತ್ರ ಪರದೆ ಮುಂದೆ ಬೀಳುತ್ತೆ. ಕಣ್ಣು, 'ಓಹೋ, ಜಾಸ್ತಿ ಬೆಳೆದುಬಿಟ್ಟೆ' ಅಂದ್ಕೊಂಡು ಬೆಳೆಯೋದನ್ನ ನಿಧಾನ ಮಾಡುತ್ತೆ."

"ಹಂಗಾದ್ರೆ ನಿನ್ನ ಹೊಟ್ಟೆಗೊಂದು ಪ್ಲಸ್ ಗಾಜು ಕಟ್ಟೋ ಮಾರಾಯ" ಎಂದ ರೈನ್‌ಹೋಲ್ಡ್. ಮೇಜಿಗೆ ಮೇಜೇ ನಕ್ಕಿತು. ಹೆಗೆಲೆಯವರು ನಗಲಿಲ್ಲ. ವಿಜ್ಞಾನಿಗಳು ಇಂಥದ್ದನ್ನೆಲ್ಲ ಸಹಿಸಿಕೊಳ್ಳಬೇಕಾಗುತ್ತದೆ ಎಂಬ ಮುಖ ಮಾಡಿ ಇನ್ನೊಂದು ಲೋಟಕ್ಕೆ ಹೇಳಿದರು.

ಅವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳುತ್ತಿದ್ದುದು ಅವರ ಕೋಳಿಗಳು ಮಾತ್ರ. ಊರಾಚೆಯ ಕೈತೋಟದಲ್ಲಿ, ಮರದ ಗುಡಿಸಲ ಪಕ್ಕ, ಹೆಗೆಲೆಯವರು ಕೆಲವು ಕೋಳಿ ಸಾಕಿಕೊಂಡಿದ್ದರು. ಸಂಜೆ ಬಕೆಟ್ ಬೋರಲು ಹಾಕಿ ಕೂತು ಅವಕ್ಕೆ ದಿನದ ವರದಿ ಒಪ್ಪಿಸುವರು. ಬ್ರೆಂಡ್ಲೆ ಮೇಡಂ ಏನೆಂದರು, ತಾವೇನೆಂದರು, ಅದಕ್ಕೆ ಮೇಡಂ ಹತ್ತಿರ ಉತ್ತರವೇ ಇರಲಿಲ್ಲ ಇತ್ಯಾದಿ. ಕೋಳಿಗಳು ಕತ್ತು ಓರೆ ಮಾಡಿ ಕೇಳುತ್ತಿದ್ದವು. ಹೆಂಡತಿ ಲೋರೆ ಒಮ್ಮೆ ನನಗೆ ಮೆಟ್ಟಿಲಲ್ಲಿ ಹೇಳಿದ್ದರು: "ಕೋಳಿ ಇದಾವೆ ಅಂತ ನಾನು ಬಚಾವ್ ಕಣಪ್ಪ. ಇಲ್ದಿದ್ರೆ ಅಷ್ಟನ್ನೂ ನಾನೇ ಕೇಳ್ಬೇಕಿತ್ತು."

ಗ್ರಹಚಾರ ನೋಡಿ, ಮನೆಯಲ್ಲಿ ತಲೆಯ ಮೇಲಿದ್ದ ರೋಸ್ಲೆ ಕುಟ್ಲರ್ ತೋಟದಲ್ಲಿ ಪಕ್ಕದಲ್ಲೇ ಇದ್ದರು. ನಡುವಿನ ಬೇಲಿ ಮಂಡಿಯೆತ್ತರದ್ದು, ಲೋರೆಯ ಅಪ್ಪ ಹಾಕಿಸಿದ್ದು. ಬೇಲಿಯ ಆಚೆ ಕುಟ್ಲರ್ ಅವರ ಲೆಟಿಸ್ ಸೊಪ್ಪಿನ ಮಡಿಗಳು, ಎಳೆಯ ಹಸುರು, ಸಾಲು ತಪ್ಪದ ಸಾಲು. ಹಿಂದಿನ ವರ್ಷವಿಡೀ ಕೋಳಿಗಳು ಬೇಲಿ ಹಾರಿ ಹೋಗಿ ಆ ಮಡಿಗಳಲ್ಲಿ ಊಟ ಮುಗಿಸಿ ಬರುತ್ತಿದ್ದವು. ಚಳಿಗಾಲ ಬಂದಾಗ ಆ ಅಪರಾಧಿಗಳೆಲ್ಲ ವಯಸ್ಸಾಗಿ ಸೂಪಿನ ಪಾತ್ರೆಗೆ ಇಳಿದವು. ಆದರೆ ಕುಟ್ಲರ್ ಮರೆಯಲಿಲ್ಲ. ವಸಂತದ ಸಭೆಯಲ್ಲಿ ಎದ್ದು ನಿಂತರು. ರೈನ್‌ಹೋಲ್ಡ್ ಗಂಟೆ ಬಾರಿಸಿ ತೀರ್ಪು ಕೊಟ್ಟ: ಇನ್ನು ಒಂದೇ ಒಂದು ಕೋಳಿ ಕುಟ್ಲರ್ ಮಡಿಗೆ ಕಾಲಿಟ್ಟರೂ ಹೆಗೆಲೆ ತೋಟದಲ್ಲಿ ಕೋಳಿ ಸಾಕುವುದು ಬಂದ್.

"ಎತ್ತರದ ಬೇಲಿ ಹಾಕ್ಸು ಓಯ್ಗೆನ್, ಮುಗೀತು" ಎಂದು ರೈನ್‌ಹೋಲ್ಡ್ ಆಮೇಲೆ ಬುದ್ಧಿ ಹೇಳಿದ.

"ಇರೋ ಬೇಲಿ ಗಟ್ಟಿಯಾಗಿದೆ."

"ಗಟ್ಟಿ ಇದೆ, ಎತ್ತರ ಇಲ್ವಲ್ಲ."

"ಗಟ್ಟಿ ಇರೋದನ್ನ ಕಿತ್ತುಹಾಕೋಕೆ ನನಗೇನ್ ಹುಚ್ಚಾ?" ಎಂದರು ಹೆಗೆಲೆ. ನಮ್ಮ ಸೀಮೆಯಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಇಲ್ಲಿಯ ಜನ ಸವೆದ ಪೊರಕೆಯ ಕಡ್ಡಿಯನ್ನೂ ಟೊಮೇಟೊ ಗಿಡಕ್ಕೆ ಆಸರೆಯಾಗಿ ಕೊಡುತ್ತಾರೆ.

ಸೂಪಿಗೆ ಹೋದ ಕೋಳಿಗಳ ಜಾಗಕ್ಕೆ ಹೊಸ ಮರಿಗಳು ಬರುವ ಹಿಂದಿನ ದಿನ ಊಟಕ್ಕೆ ಕೂತಾಗ ಹೆಗೆಲೆಯವರ ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ಲೋರೆ, ಕೋಳಿ ಬೇಲಿ ಯಾಕೆ ಹಾರುತ್ತೆ?"

"ಆಚೆ ಸೊಪ್ಪಿದೆ, ಹಾರುತ್ತೆ."

"ಸೊಪ್ಪಿದೆ ಅಂತ ಅದಕ್ಕೆ ಗೊತ್ತಾಗೋದು ಹೇಗೆ?"

"ಕಣ್ಣಿಲ್ವಾ ಅದಕ್ಕೆ?"

"ಹಾ! ಈಗ ಬಂದೆ ನೋಡು ದಾರಿಗೆ."

ಲೋರೆ ಗಂಡನ ಮುಖ ನೋಡಿದರು. ಆ ಮುಖದ ಮೇಲಿನ ಬೆಳಕು ಅವರಿಗೆ ಪರಿಚಯವಿತ್ತು. ಹಿಂದೊಮ್ಮೆ ಇದೇ ಬೆಳಕಿನಲ್ಲಿ ಈ ಮನುಷ್ಯ ವ್ಯಾಕ್ಯೂಮ್ ಕ್ಲೀನರಿನಿಂದ ಚೆರ್ರಿ ಹಣ್ಣು ಕೀಳಲು ಹೋಗಿದ್ದರು.

"ಮರಿಗಳಿಗೆ ಮೈನಸ್ ಗಾಜು ಹಾಕ್ತೀನಿ. ಕಣ್ಣು ಉದ್ದ ಆಗುತ್ತೆ. ಬೇಸಿಗೇಲಿ ಗಾಜು ತೆಗೀತೀನಿ. ಬೇಲಿ ಆಚೆಗಿನ ಪ್ರಪಂಚ ಅವಕ್ಕೆ ಮಂಜು. ಕೊಕ್ಕಿನ ಕೆಳಗೆ ನಾನು ಹಾಕಿದ ಕಾಳು, ಅಷ್ಟೇ ಜೀವನ. ಬೇಲಿ ಕಣ್ಣೊಳಗೇ ಇರುತ್ತೆ ಲೋರೆ, ಕಣ್ಣೊಳಗೇ! ಒಂದು ಮೊಳೆ ಹೊಡೆಯೋದು ಬೇಡ."

"ಓಯ್ಗೆನ್, ಸೂಪ್ ಆರ್ತಾ ಇದೆ" ಎಂದರು ಲೋರೆ.

ಸಂಶೋಧನಾಲಯದಲ್ಲಿ ಅಂಚು ಮುಕ್ಕಾದ ಗಾಜುಗಳನ್ನು ಒಂದು ಡಬ್ಬಕ್ಕೆ ಹಾಕಿ ಕೊನೆಗೆ ಕಸಕ್ಕೆ ಎಸೆಯುತ್ತಿದ್ದರು. ಹೆಗೆಲೆ ಆ ಡಬ್ಬವನ್ನು ಕೇಳಿದರು.

"ತಗೊಳ್ಳಿ ಹೆರ್ ಹೆಗೆಲೆ, ಆದ್ರೆ ಏನ್ಮಾಡ್ತೀರಿ ಇವನ್ನ?" ಎಂದರು ಬ್ರೆಂಡ್ಲೆ ಮೇಡಂ.

"ಏನಕ್ಕಾದ್ರೂ ಬರುತ್ತೆ" ಎಂದರು ಹೆಗೆಲೆ. ಮೇಡಂ ಕೂಡ ಇದೇ ಸೀಮೆಯವರು. ಉತ್ತರ ಪೂರ್ತಿಯಾಗಿದೆ ಎಂದೇ ತಿಳಿದುಕೊಂಡರು.

ಮಾರನೆಯ ದಿನ ಲೋರೆಯ ಹೊಲಿಗೆ ಡಬ್ಬದಿಂದ ವೆಲ್ಕ್ರೋ ಪಟ್ಟಿ ಮಾಯವಾಯಿತು. ಹೆಗೆಲೆ ಅದನ್ನು ಪುಟ್ಟ ಉಂಗುರಗಳಾಗಿ ಕತ್ತರಿಸಿದರು. ಒಂದು ಉಂಗುರ ಮರಿಯ ಕಣ್ಣಿನ ಸುತ್ತಲ ಪುಕ್ಕಕ್ಕೆ ಅಂಟಿನಿಂದ ಕೂತಿತು, ಅದರ ಜೋಡಿ ಉಂಗುರ ಗಾಜಿಗೆ. ಚರ್ ಎಂದು ಕಿತ್ತು ತೆಗೆಯಬಹುದು, ಟಪ್ ಎಂದು ಅಂಟಿಸಬಹುದು. ಸಂಜೆಯ ಹೊತ್ತಿಗೆ ತಂತಿಬಲೆಯ ಪೆಟ್ಟಿಗೆಯಲ್ಲಿ ಹಳದಿ ಮರಿಗಳ ಒಂದು ಗುಂಪು ಕನ್ನಡಕ ಧರಿಸಿ ಗಂಭೀರವಾಗಿ ಓಡಾಡುತ್ತಿತ್ತು. ಒಂದು ಮರಿ ಥೇಟ್ ಅಧ್ಯಕ್ಷ ರೈನ್‌ಹೋಲ್ಡ್. ಇನ್ನೊಂದು, ಲೋರೆ ಹೇಳಿದಂತೆ, ಚರ್ಚಿನ ಮೊದಲ ಬೆಂಚಿನಲ್ಲಿ ಕೂತು ತಡವಾಗಿ ಬಂದವರನ್ನೆಲ್ಲ ತಿರುಗಿ ನೋಡುವ ಅವರ ದೊಡ್ಡಮ್ಮ.

ಬೇಲಿಯ ಆಚೆ ನೀರು ಹಾಕುತ್ತಿದ್ದ ಕುಟ್ಲರ್ ಡಬ್ಬ ಕೆಳಗಿಟ್ಟರು.

"ಹೆರ್ ಹೆಗೆಲೆ, ನಿಮ್ಮ ಮರಿಗಳು ಮೋಟಾರ್‌ಸೈಕಲ್ ಕಲೀತಾ ಇದಾವಾ?"

"ಇದು ವಿಜ್ಞಾನ, ಫ್ರಾವ್ ಕುಟ್ಲರ್. ನಿಮ್ಮ ಸೊಪ್ಪು ಉಳಿಸೋಕೆ ವಿಜ್ಞಾನಾನೇ ಬರಬೇಕಾಯ್ತು."

"ಸೊಪ್ಪಿಗೆ ಒಂದು ಬೇಲಿ ಸಾಕಿತ್ತು" ಎಂದರು ಕುಟ್ಲರ್.

ಇಲ್ಲಿಯವರೆಗೆ ಹೆಗೆಲೆಯವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆಮೇಲೆ ಬಂತು ತೊಳೆಯುವ ವಿಷಯ.

ಕೋಳಿಮರಿ ತಿನ್ನುವಾಗ ಅರ್ಧ ಹಿಟ್ಟು ಹೊಟ್ಟೆಗೆ, ಅರ್ಧ ಹಿಟ್ಟು ಗಾಜಿಗೆ. ಸಂಶೋಧನಾಲಯದಲ್ಲಿ ಕೊಳೆಯಾದ ಗಾಜನ್ನು ಮಬ್ಬುಗತ್ತಲ ಕೋಣೆಯಲ್ಲಿ, ಮರಿಗೆ ಏನೂ ಕಾಣದ ಹಾಗೆ, ಚರ್ ಎಂದು ಕಿತ್ತು ಟಪ್ ಎಂದು ಶುಭ್ರವಾದ ಗಾಜು ಅಂಟಿಸಿಬಿಡುತ್ತಿದ್ದರು. ಬ್ರೆಂಡ್ಲೆ ಮೇಡಂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೆಗೆಲೆಯವರಿಗೆ ಇದು ಎಷ್ಟೋ ದಿನದಿಂದ ಮೈಯುರಿ. ಕತ್ತಲಲ್ಲಿ ತೊಳೆಯುವುದೆಂದರೇನು? ಕೊಳೆ ಕಾಣುವುದು ಹೇಗೆ? ಇಷ್ಟು ಓದಿಕೊಂಡವರು, ಇವರಿಗೆ ಮನೆಯಲ್ಲಿ ಯಾರೂ ಗುಡಿಸುವುದು ಕಲಿಸಲಿಲ್ಲವೆ?

ತಮ್ಮ ಸ್ವಂತ ತೋಟದಲ್ಲಿ ಅವರು ಈ ಅನಾಚಾರ ನಡೆಯಗೊಡಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ, ಎಲ್ಲ ಮರಿಗಳ ಎಲ್ಲ ಗಾಜನ್ನೂ ಕಿತ್ತು ಸಾಲಾಗಿ ಜೋಡಿಸುವರು. ಮೊದಲು ಉಗುರುಬೆಚ್ಚಗಿನ ಸಾಬೂನು ನೀರು. ಆಮೇಲೆ ಬರೀ ನೀರು. ಆಮೇಲೆ ವಿನೆಗರ್ ಹನಿಸಿದ ನೀರು. ಆಮೇಲೆ ಲೋರೆ ಇಸ್ತ್ರಿ ಮಾಡಿಟ್ಟ ನಾರುಬಟ್ಟೆಯ ಮೇಲೆ ಆರಲು ಬಿಡುವುದು. ಆಮೇಲೆ ಒಂದೊಂದನ್ನೂ ಎತ್ತಿ ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹ್ಞೂಂ" ಎನ್ನುವುದು. "ಹ್ಞೂಂ" ಬಂದರೆ ಆ ಗಾಜು ಮತ್ತೆ ಸಾಬೂನು ನೀರಿಗೆ.

ಅಷ್ಟು ಹೊತ್ತು ಮರಿಗಳು ಬರಿಗಣ್ಣಿನಲ್ಲಿ ಪೆಟ್ಟಿಗೆಯೊಳಗೆ ಕಾಯುತ್ತಿದ್ದವು. ಚಳಿ ಆಗಬಾರದಲ್ಲ, ಅದಕ್ಕೆ ಪೆಟ್ಟಿಗೆಯನ್ನು ಬಿಸಿಲಿರುವ ಕಡೆ ಎತ್ತಿಡುವರು. ಆ ತೋಟದಲ್ಲಿ ಬೆಳಿಗ್ಗೆಯೂ ಸಂಜೆಯೂ ಬಿಸಿಲು ಬೀಳುವ ಒಂದೇ ಜಾಗ ಬೇಲಿಯ ಪಕ್ಕದ ಬೆಂಚು. ಅಲ್ಲಿ ಕೂತರೆ ಎದುರಿಗೆ ಕುಟ್ಲರ್ ಅವರ ಲೆಟಿಸ್ ಮಡಿ.

"ನೋಡ್ರಪ್ಪ ಆ ಕಡೆ" ಎಂದು ಹೆಗೆಲೆ ಗಾಜು ಉಜ್ಜುತ್ತ ಮರಿಗಳಿಗೆ ಹೇಳುತ್ತಿದ್ದರಂತೆ. "ಇನ್ನು ಸ್ವಲ್ಪ ದಿನ. ಆಮೇಲೆ ಅದೆಲ್ಲ ನಿಮ್ಮ ಪಾಲಿಗೆ ಇಲ್ಲ."

ಮರಿಗಳು ಕತ್ತು ಓರೆ ಮಾಡಿ ನೋಡುತ್ತಿದ್ದವು.

ಮರಿಗಳು ಬೆಳೆದ ಹಾಗೆ ಉಂಗುರಗಳನ್ನೂ ದೊಡ್ಡದು ಮಾಡುತ್ತ ಹೆಗೆಲೆ ಬೇಸಗೆಯವರೆಗೂ ಈ ವ್ರತ ನಡೆಸಿದರು. ಶುಕ್ರವಾರದ ಮೇಜಿನಲ್ಲಿ ಅವರ "ನಾವು" ಈಗ "ನಾನು" ಆಗಿತ್ತು. ಸುಮ್ಮನೆ ಕನ್ನಡಕ ತೆಗೆದು ಕೋಳಿ ಬಿಟ್ಟಿದ್ದರೆ ವಿಷಯ ತೋಟದಲ್ಲೇ ಮುಗಿಯುತ್ತಿತ್ತು. ಆದರೆ ಇಷ್ಟು ದೊಡ್ಡ ಸಾಧನೆಯನ್ನು ಯಾರೂ ನೋಡದಿದ್ದರೆ ಹೇಗೆ? ಹೆಗೆಲೆ ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆದರು. ಅಧ್ಯಕ್ಷ ರೈನ್‌ಹೋಲ್ಡ್ ಗಂಟೆಯ ಸಮೇತ ಬಂದ. ಕುಟ್ಲರ್ ಅವರನ್ನು ಕರೆಯುವ ಅಗತ್ಯವಿರಲಿಲ್ಲ. ಅವರು ತಮ್ಮ ಮಡಿಯ ಪಕ್ಕ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪೊರಕೆ ಇಟ್ಟುಕೊಂಡು ಕೂತಿದ್ದರು. ಮೆಟ್ಟಿಲು ಹಂಚಿಕೊಂಡ ತಪ್ಪಿಗೆ ನಾನೂ ಹೋದೆ. ಬ್ರೆಂಡ್ಲೆ ಮೇಡಂ ಕೂಡ ಸೈಕಲ್ಲಿನಲ್ಲಿ ಬಂದರು, ಏನು ಎತ್ತ ಅಂತ ಪೂರ್ತಿ ಗೊತ್ತಿಲ್ಲದೆ.

ಲೋರೆಯ ಆಲೂಗಡ್ಡೆ ಸಲಾಡ್ ಮತ್ತು ಚೆರ್ರಿ ಕೇಕ್ ಆದ ಮೇಲೆ ಹೆಗೆಲೆ ಬಕೆಟ್ಟಿನ ಮೇಲೆ ಹತ್ತಿದರು. ಕಣ್ಣು, ಪರದೆ, ಬಸ್ ಸ್ಟಾಪು ಎಲ್ಲ ಆಯಿತು.

"ಓಯ್ಗೆನ್, ಬಸ್ಸು ಬೇಗ ಹೊರಡ್ಲಿ" ಎಂದ ರೈನ್‌ಹೋಲ್ಡ್.

"ಈಗ ನೀವು ನೋಡೋದು," ಎಂದರು ಹೆಗೆಲೆ, "ಬೇಲಿ ಇದ್ದೂ ಬೇಲಿ ನೋಡದ ಕೋಳಿ. ಕೈಯಳತೆ ಆಚೆಗೆ ಇವಕ್ಕೆ ಪ್ರಪಂಚ ಇಲ್ಲ."

ಒಂದೊಂದಾಗಿ ಕನ್ನಡಕ ಕಿತ್ತರು. ಪೆಟ್ಟಿಗೆಯ ಬಾಗಿಲು ತೆಗೆದರು. ಬಾಗಿಲ ಮುಂದೆ ಒಂದು ಹಿಡಿ ಕಾಳು ಎರಚಿದರು.

ಕೋಳಿಗಳು ಹೊರಬಂದವು. ಕಾಳಿನ ಮುಂದೆ ನಿಂತವು. ಒಂದು ಕೋಳಿ ಕಾಳು ಕುಕ್ಕಿತು. ಹೆಗೆಲೆ ಜನರ ಕಡೆ ತಿರುಗಿ ಕೈ ಚಾಚಿದರು, ಚಪ್ಪಾಳೆಗೆ ಜಾಗ ಬಿಟ್ಟು. ಅಷ್ಟರಲ್ಲಿ ರೈನ್‌ಹೋಲ್ಡ್‌ನ ಹಾಗಿದ್ದ ಕೋಳಿ ಕತ್ತು ಎತ್ತಿತು. ಓರೆ ಮಾಡಿತು. ಬೇಲಿಯ ಕಡೆ ನೋಡಿತು. ಮೊದಲ ಬೆಂಚಿನ ದೊಡ್ಡಮ್ಮನೂ ನೋಡಿತು. ಆಮೇಲೆ ಶಾಲೆಯ ಮಕ್ಕಳು ಪ್ರವಾಸ ಹೊರಟ ಹಾಗೆ, ಸಾಲಾಗಿ, ತಳ್ಳಾಟವಿಲ್ಲದೆ, ಎಲ್ಲ ಕೋಳಿಗಳೂ ನೇರ ಬೇಲಿಗೆ ಹೋಗಿ, ಒಂದೇ ಜಾಗದಲ್ಲಿ, ಪಟ್ ಪಟ್ ಎಂದು ಹಾರಿ ಕುಟ್ಲರ್ ಮಡಿಯಲ್ಲಿ ಇಳಿದವು. ಹುಡುಕಾಟವಿಲ್ಲ, ಗೊಂದಲವಿಲ್ಲ. ಹುಟ್ಟಿದಾಗಿನಿಂದ ವಿಳಾಸ ಬಾಯಿಪಾಠವಾದವರ ಹಾಗೆ.

"ಬಂದ್ವು ನೋಡಿ ನಿಮ್ಮ ಕುರುಡು ಕೋಳಿ!" ಎಂದು ಕುಟ್ಲರ್ ಎದ್ದರು. ಪೊರಕೆ ಎದ್ದಿತು, ಲೆಟಿಸ್ ಎದ್ದಿತು, ಮಣ್ಣು ಎದ್ದಿತು. ರೈನ್‌ಹೋಲ್ಡ್ ಎರಡೂ ಕೈಯಲ್ಲಿ ಗಂಟೆ ಬಾರಿಸುತ್ತಿದ್ದ. ಅದನ್ನು ಕೇಳಿ ಕೋಳಿಗಳು ಊಟದ ಗಂಟೆ ಅಂದುಕೊಂಡವೋ ಏನೋ, ಇನ್ನೂ ಬಿರುಸಾಗಿ ತಿಂದವು. ನಾವೆಲ್ಲ ಸೇರಿ ಅವನ್ನು ಹಿಡಿದು ತರುವಷ್ಟರಲ್ಲಿ ಮಡಿಯಲ್ಲಿ ಬುಡ ಮಾತ್ರ ಉಳಿದಿತ್ತು.

ಬ್ರೆಂಡ್ಲೆ ಮೇಡಂ ಒಂದು ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಗುಡಿಸಲ ಕತ್ತಲಿಗೆ ಕರೆದೊಯ್ದರು. ಕಣ್ಣು ಪರೀಕ್ಷಿಸುವ ಕಿರುಬೆಳಕಿನ ಒಂದು ಕೋಲು ಅವರ ಚೀಲದಲ್ಲಿ ಸದಾ ಇರುತ್ತಿತ್ತು. ಅದರಿಂದ ಕೋಳಿಯ ಕಣ್ಣೊಳಗೆ ಬೆಳಕು ಆಡಿಸಿ, ಮುಂದೆ ಗಾಜು ಹಿಡಿದು ನೋಡಿದರು. ಇನ್ನೊಂದು ಕೋಳಿ ತರಿಸಿದರು. ಮತ್ತೊಂದು. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ತಡೆದ ಕೆಂಪು.

"ಹೆರ್ ಹೆಗೆಲೆ, ಇವಕ್ಕೆ ಸಮೀಪದೃಷ್ಟಿ ಬಂದಿಲ್ಲ. ಬಹಳ ಚೆನ್ನಾಗಿರೋ ಕಣ್ಣು. ನೀವು ಗಾಜು ಹಾಕಿದ್ದು ಸರಿಯಾಗಿದೆ. ಮಧ್ಯೆ ತೆಗೀತಿದ್ರಾ?"

"ತೆಗೆಯೋದಾ? ನಾನಾ? ತೊಳೀತಿದ್ದೆ."

"ಎಷ್ಟು ಹೊತ್ತು?"

"ಶುಭ್ರ ಆಗೋವರೆಗೂ!" ಎಂದರು ಹೆಗೆಲೆ, ಇದೆಂಥ ಪ್ರಶ್ನೆ ಎಂಬಂತೆ. ಸಾಬೂನು, ವಿನೆಗರ್, ನಾರುಬಟ್ಟೆ, ಬೆಂಚು, ಬಿಸಿಲು ಎಲ್ಲ ವಿವರಿಸಿದರು. ಹೇಳುತ್ತ ಹೇಳುತ್ತ ಅವರ ದನಿಗೆ ಮತ್ತೆ ಜೀವ ಬಂತು.

ಮೇಡಂ ಬಕೆಟ್ಟಿನ ಮೇಲೆ ಕೂತುಬಿಟ್ಟರು. "ಕಣ್ಣಿನ ಲೆಕ್ಕ ಗಡಿಯಾರದ ಲೆಕ್ಕ ಅಲ್ಲ ಹೆರ್ ಹೆಗೆಲೆ. ಇಡೀ ದಿನ ಗಾಜು 'ಉದ್ದ ಬೆಳಿ, ಉದ್ದ ಬೆಳಿ' ಅಂತ ಕೂಗ್ತಾ ಇರುತ್ತೆ. ಆದ್ರೆ ನಡುವೆ ಸ್ವಲ್ಪ ಹೊತ್ತು ಬರಿಗಣ್ಣಲ್ಲಿ ಸ್ಪಷ್ಟವಾಗಿ ನೋಡಿದ್ರೆ ಸಾಕು, 'ಅಯ್ಯೋ, ನಾನು ಸರಿಯಾಗೇ ಇದ್ದೀನಲ್ಲ' ಅಂತ ಕಣ್ಣು ಅದನ್ನೇ ಹೆಚ್ಚು ನಂಬುತ್ತೆ. ಗಾಜು ಹೇಳಿದ್ದೆಲ್ಲ ಅಳಿಸಿಹೋಗುತ್ತೆ. ಅದಕ್ಕೇ ಅಲ್ವಾ ನಾವು ಅಲ್ಲಿ ಕತ್ತಲಲ್ಲಿ ಬದಲಾಯಿಸೋದು? ಸಾಲದ್ದಕ್ಕೆ ಹೊರಗಿನ ಬಿಸಿಲು ಬೇರೆ. ಅದೂ ಕಣ್ಣು ಉದ್ದ ಆಗೋದಕ್ಕೆ ಕಡಿವಾಣ ಹಾಕುತ್ತೆ. ನಿಮಗೆ ಎಷ್ಟು ಸಲ ಹೇಳಿದ್ದೆ."

"ಹೇಳಿದ್ರಿ. ಕತ್ತಲಲ್ಲಿ ಕೊಳೆ ಕಾಣಲ್ಲ ಅಂತ ನಾನೂ ಹೇಳಿದ್ದೆ."

"ಹಂಗಾದ್ರೆ," ಎಂದರು ಕುಟ್ಲರ್, ಕೂದಲಿಂದ ಲೆಟಿಸ್ ಎಲೆ ತೆಗೆಯುತ್ತ, "ಈ ಮಹಾನುಭಾವರು ದಿನಾ ಹೊತ್ತು ಹೊತ್ತಿಗೆ ಅವಕ್ಕೆ ನನ್ನ ಸೊಪ್ಪು ತೋರಿಸ್ತಾ ಕೂತಿದ್ರು ಅನ್ನಿ!"

ಯಾರೂ ನಗಬಾರದಿತ್ತು. ಲೋರೆಯೇ ಮೊದಲು ನಕ್ಕರು.

ರೈನ್‌ಹೋಲ್ಡ್ ಗಂಟೆ ಕೆಳಗಿಟ್ಟ. "ಓಯ್ಗೆನ್, ನನಗೂ ಬೇಜಾರೇ. ಆದ್ರೆ ಸಭೇಲಿ ತೀರ್ಮಾನ ಆಗಿದೆ. ಕುಟ್ಲರಮ್ಮನೋರು ಒಪ್ಪದಿದ್ರೆ ಕೋಳಿ ಹೋಗ್ಬೇಕು."

ದೊಡ್ಡಮ್ಮ ಕೋಳಿ ಬಂದು ಹೆಗೆಲೆಯವರ ಬೂಟಿನ ಮೇಲೆ ಹತ್ತಿ ನಿಂತಿತು. ಕತ್ತು ಓರೆ ಮಾಡಿ ಮುಖ ನೋಡಿತು, ಸಂಜೆಯ ವರದಿ ಇನ್ನೂ ಯಾಕೆ ಶುರುವಾಗಿಲ್ಲ ಎಂಬಂತೆ. ಹೆಗೆಲೆ ಬಗ್ಗಿ ಅದರ ಕಣ್ಣ ಸುತ್ತ ಉಳಿದಿದ್ದ ಒಣ ಅಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಆಮೇಲೆ ನಮ್ಮ ಸೀಮೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರದ ಒಂದು ವಾಕ್ಯ ಹೇಳಿದರು.

"ತೊಳೆದಿದ್ದು… ಸ್ವಲ್ಪ ಜಾಸ್ತಿ ಆಯ್ತೇನೋ."

ಕುಟ್ಲರ್ ಪೊರಕೆಯ ಮೇಲೆ ಭಾರ ಹಾಕಿ ನಿಂತರು. ಒಂದು ಕೈಯಿಂದ ಮಂಡಿ ನೀವಿಕೊಂಡರು.

"ಹೆರ್ ಹೆಗೆಲೆ. ಇನ್ಮೇಲೆ ನನ್ನ ಮೆಟ್ಟಿಲ ವಾರ ನೀವು ಮಾಡಿ. ಪ್ರತಿ ಸಲಾನೂ. ನಾನು ಇರೋವರೆಗೂ. ಬೇಲಿ ಪಕ್ಕದ ಮಡಿಗೆ ಈರುಳ್ಳಿ ಹಾಕ್ತೀನಿ, ಅದನ್ನ ಅವು ಮುಟ್ಟಲ್ಲ. ಲೆಟಿಸ್ ಆ ತುದಿಗೆ ಹೋಗ್ಲಿ. ಕೋಳಿ ಇಲ್ಲೇ ಇರ್ಲಿ. ಮೊಟ್ಟೆ ಮಾತ್ರ ನನಗೂ ಬರ್ಬೇಕು."

ಹೆಗೆಲೆಯವರ ಮುಖ ನೋಡಬೇಕಿತ್ತು. ಹುಬ್ಬು ದುಃಖದಿಂದ ಕೆಳಗಿಳಿಯಿತು. ಮೀಸೆ ಮಾತ್ರ ಅದರ ಮಾತು ಕೇಳದೆ ಎರಡೂ ತುದಿಯಲ್ಲಿ ಮೇಲಕ್ಕೆ ಹೋಯಿತು. ಎಷ್ಟು ವರ್ಷದಿಂದ ಆ ಮೊದಲ ಮಹಡಿಯ ಮೂಲೆಗೆ ಕೈ ಹಾಕಲು ಅವರ ಕೈ ತುರಿಸುತ್ತಿತ್ತೋ!

"ಬಹಳ ಕಠಿಣ ಶಿಕ್ಷೆ ಫ್ರಾವ್ ಕುಟ್ಲರ್" ಎಂದರು. "ಆದ್ರೆ ಕೋಳಿಗೋಸ್ಕರ…"

"ಕೋಳಿಗೋಸ್ಕರ!" ಎಂದರು ಲೋರೆ, ಕೇಕಿನ ತಟ್ಟೆ ಎತ್ತುತ್ತ.

ಕುಟ್ಲರ್ ಅವರ ಸರದಿಯ ವಾರ ಬಂತು. ಮರದ ಹಲಗೆ ಹೆಗೆಲೆಯವರ ಬಾಗಿಲಿನಿಂದ ಎಲ್ಲಿಗೂ ಹೋಗಲಿಲ್ಲ. ಹಲಗೆಗೇ ಅವರು ಮೇಣ ಹಚ್ಚಿ ಹೊಳಪು ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ನಾನು ಹಾಲು ತರಲು ಇಳಿಯುತ್ತಿದ್ದೆ. ಮೊದಲನೇ ಮಹಡಿಯಲ್ಲಿ ದಾರಿ ಕಟ್ಟಿತ್ತು. ರೋಸ್ಲೆ ಕುಟ್ಲರ್ ಅವರಿಗೆ ಏಕೋ ಏನೋ ಅಂದು ಮೆಟ್ಟಿಲ ಮೇಲೇ ಗಾಳಿ ಸೇವಿಸಬೇಕು ಅನ್ನಿಸಿತ್ತು. ಕೈಕಂಬಿಯ ಮೇಲೆ ಒಂದು ಬೆರಳು ಎಳೆದರು. ಕನ್ನಡಕ ಏರಿಸಿಕೊಂಡು ಬೆರಳನ್ನು ಕಿಟಕಿಗೆ ಹಿಡಿದರು. ಕೆಳಗಿನ ಮೆಟ್ಟಿಲಲ್ಲಿ ಹೆಗೆಲೆಯವರು ನೀಲಿ ಏಪ್ರನ್ನಿನಲ್ಲಿ, ಪರೀಕ್ಷೆಯ ಫಲಿತಾಂಶ ಕಾಯುವವರಂತೆ ನಿಂತಿದ್ದರು.

"ಹ್ಞೂಂ" ಎಂದರು ಕುಟ್ಲರ್.

ಹೆಗೆಲೆ ಬಿಳಿಚಿಕೊಂಡರು. "ಏನು? ಎಲ್ಲಿ?"

"ಇಲ್ಲಿ. ಒಂದು ಚುಕ್ಕೆ. ಮೂಲೇಲೂ ಒಂದು. ಆ ಗೋಡೆ ಮೇಲೂ. ಎಲ್ಲಿ ನೋಡಿದ್ರೂ ಇದೆಯಲ್ಲ ಹೆರ್ ಹೆಗೆಲೆ."

ಹೆಗೆಲೆ ಮೆಟ್ಟಿಲು ಹತ್ತಿ ಬಂದರು. ಬೆರಳು ನೋಡಿದರು, ಮೂಲೆ ನೋಡಿದರು, ಗೋಡೆ ನೋಡಿದರು. ಕೊನೆಗೆ ಕುಟ್ಲರ್ ಅವರ ಮುಖ ನೋಡಿದರು. ಏಪ್ರನ್ನಿನ ಜೇಬಿನಿಂದ ಇಸ್ತ್ರಿ ಮಾಡಿದ ನಾರುಬಟ್ಟೆ ತೆಗೆದು ಕೈ ಚಾಚಿದರು.

"ಆ ಕನ್ನಡಕ ಇಲ್ಲಿ ಕೊಡಿ."

"ಯಾಕೆ?"

"ಕೊಡಿ ಅಂದ್ರೆ. ಹೆದರ್ಬೇಡಿ, ನಿಮ್ಮ ಕಣ್ಣು ಇನ್ನು ಬೆಳೆಯಲ್ಲ. ಎಷ್ಟು ಹೊತ್ತು ಬೇಕಾದ್ರೂ ತೊಳೀಬಹುದು."